ಇಲ್ಲೇ ತಿಂತೀರೋ, ಪಾರ್ಸಲ್ಲೋ?

ಕಲಬುರಗಿಯ ಒಂದು ಓದುಗರ ಬಳಗದ ಭಾನುವಾರದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ

ಎಲ್ಲರಿಗೂ ಶರಣು ಶರಣಾರ್ಥಿ.

ಬ್ಯಾಂಕಾಕಿನ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ನಾನು ಮಾತ್ರ ನಮ್ಮ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಒಂದು ಭಜಿ ಬಂಡಿಯಿಂದ ಶುರು ಮಾಡುತ್ತೇನೆ.

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದೆ. ಶಾಲೆ ಬಿಟ್ಟು ಮನೆಗೆ ಹೋಗುವಾಗ ವಾರಕ್ಕೊಮ್ಮೆಯಾದರೂ ಆ ಬಂಡಿ ಮುಂದೆ ನಿಂತಿದ್ದೇನೆ. ಬಾಣಲೆಯಲ್ಲಿ ಮಿರ್ಚಿ ಭಜಿ ಉಬ್ಬುತ್ತಿರುತ್ತದೆ. ಪಕ್ಕದಲ್ಲಿ ಸುಸಲಾ ರಾಶಿ, ಅದರ ಮೇಲೆ ಪುಟಾಣಿ ಹಿಟ್ಟು, ಕೊತ್ತಂಬರಿ. ಸುತ್ತ ಗಂಡಸರು ನಿಂತು ತಿನ್ನುತ್ತಿರುತ್ತಾರೆ. ನನ್ನ ಮುಖ ಕಂಡ ಕೂಡಲೇ ಬಂಡಿಯವನು ಕೇಳುವುದು ಒಂದೇ ಮಾತು. "ಪಾರ್ಸಲ್ ಏನ್ರಿ ಅಕ್ಕೋರೆ?"

ಅದು ಮರ್ಯಾದೆಯ ಮಾತೇ. ಅವನಲ್ಲಿ ತಪ್ಪಿಲ್ಲ. ನಾನೂ ಹೂಂ ಅಂದು ಪೇಪರಿನಲ್ಲಿ ಕಟ್ಟಿಸಿಕೊಂಡು ಬರುತ್ತಿದ್ದೆ. ಮನೆ ಮುಟ್ಟುವ ಹೊತ್ತಿಗೆ ಪೇಪರಿಗೆಲ್ಲ ಎಣ್ಣೆ ಹತ್ತಿ ಭಜಿ ಮೆತ್ತಗಾಗಿರುತ್ತಿತ್ತು. ಮಿರ್ಚಿ ಭಜಿ ಬಾಣಲೆಯಿಂದ ತೆಗೆದ ಎರಡು ನಿಮಿಷದಲ್ಲಿ ತಿನ್ನಬೇಕು. ಅಷ್ಟು ಬಿಸಿಯಾದ ಭಜಿಯನ್ನು ಆ ಬಂಡಿ ಮುಂದೆ ನಾನು ಒಂದು ಸಲವೂ ತಿಂದಿರಲಿಲ್ಲ. ಇದು ನನ್ನ ಗಮನಕ್ಕೆ ಬಂದದ್ದು ಬ್ಯಾಂಕಾಕಿನ ಒಂದು ಫುಟ್‌ಪಾತಿನ ಮೇಲೆ, ನನ್ನ ಅರವತ್ತನೇ ವಯಸ್ಸಿನಲ್ಲಿ.

ಬ್ಯಾಂಕಾಕಿಗೇ ಯಾಕೆ ಹೋದೆ ಅಂತ ಬಹಳ ಜನ ಕೇಳಿದರು. ಕಾರಣ ಭೀಮಾ ದಂಡೆಯ ನಮ್ಮ ಸನ್ನತಿ ಅನ್ನುವ ಊರು. ನನ್ನ ತವರು ಚಿತ್ತಾಪುರ ತಾಲೂಕಿನದು, ಸನ್ನತಿಯಿಂದ ದೂರವೇನಿಲ್ಲ. 1986ರಲ್ಲಿ ಚಂದ್ರಲಾಂಬ ಗುಡಿಯ ಆವರಣದಲ್ಲಿದ್ದ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ನಾನಾಗ ಇನ್ನೂ ಓದುತ್ತಿದ್ದೆ. ಊರಲ್ಲಿ ಎಲ್ಲರೂ ಅಪಶಕುನ ಅಂತ ಹೆದರಿದ್ದರು. ಆದರೆ ಬಿದ್ದ ಗುಡಿಯ ಕೆಳಗಿನ ಕಲ್ಲುಗಳಲ್ಲಿ ಅಶೋಕನ ಶಾಸನ ಸಿಕ್ಕಿತು. ಆಮೇಲೆ ಪಕ್ಕದ ಕನಗನಹಳ್ಳಿಯಲ್ಲಿ ಅಗೆದಾಗ ದೊಡ್ಡ ಸ್ತೂಪ ಸಿಕ್ಕಿತು, ಜೊತೆಗೆ ಒಂದು ಕೆತ್ತನೆ. ರಾಜ, ಪಕ್ಕದಲ್ಲಿ ರಾಣಿ, ಮೇಲೆ ಬ್ರಾಹ್ಮಿ ಲಿಪಿಯಲ್ಲಿ "ರಾಯೋ ಅಸೋಕೋ" ಅಂತ ಹೆಸರು. ಅಶೋಕನ ಮುಖವನ್ನು ಅವನ ಹೆಸರಿನ ಸಮೇತ ನೋಡಬೇಕಾದರೆ ನಮ್ಮ ಭೀಮಾ ನದಿಯ ದಂಡೆಗೇ ಬರಬೇಕು.

ಅಶೋಕನ ಕಾಲದಲ್ಲಿ ಧರ್ಮ ಹೇಳಲು ಎಲ್ಲೆಲ್ಲಿಗೆ ಭಿಕ್ಷುಗಳು ಹೋದರು ಅಂತ ಸಿಂಹಳದ ಹಳೆಯ ಪಾಳಿ ಗ್ರಂಥದಲ್ಲಿ ಪಟ್ಟಿ ಇದೆ. ಅದರಲ್ಲಿ ಮಹಿಷಮಂಡಲ ಇದೆ, ವನವಾಸಿ ಇದೆ. ವನವಾಸಿ ಅಂದರೆ ನಮ್ಮ ಬನವಾಸಿ. ಅದೇ ಪಟ್ಟಿಯ ಕೊನೆಯ ಕಡೆ ಸುವರ್ಣಭೂಮಿ ಇದೆ. ಅಲ್ಲಿಗೆ ಹೋದವರು ಸೋಣ ಮತ್ತು ಉತ್ತರ ಅನ್ನುವ ಇಬ್ಬರು. ಆ ಸುವರ್ಣಭೂಮಿ ತಮ್ಮದೇ ಅಂತ ಥಾಯ್ ಜನ ನಂಬುತ್ತಾರೆ. 2006ರಲ್ಲಿ ಶುರುವಾದ ಬ್ಯಾಂಕಾಕಿನ ವಿಮಾನ ನಿಲ್ದಾಣಕ್ಕೂ ಅದೇ ಹೆಸರು. ಮೂವತ್ತು ವರ್ಷ ಈ ಪಾಠ ಮಾಡುತ್ತಾ ನಕಾಶೆ ಮೇಲೆ ಕೋಲು ಆಡಿಸಿದೆ. ನಿವೃತ್ತಿಯಾದ ಮೇಲೆ ಆ ಕೋಲು ತೋರಿಸಿದ ಕಡೆ ಒಮ್ಮೆ ಹೋಗಬೇಕು ಅನ್ನಿಸಿತು.

ನಮ್ಮನೆಯವರು ತೀರಿಕೊಂಡು ಆರು ವರ್ಷ ಆಯಿತು. ಮಗನಿಗೆ ರಜೆ ಸಿಗಲಿಲ್ಲ. ಗೆಳತಿಯರು ಬರುತ್ತೇನೆ ಅಂದು ಒಬ್ಬೊಬ್ಬರಾಗಿ ಹಿಂದೆ ಸರಿದರು. ಬ್ಯಾಂಕಾಕ್ ಅಂದ ಕೂಡಲೇ ಕೆಲವರು ಮುಖ ಒಂದು ನಮೂನೆ ಮಾಡಿದರು. ನಿಮಗೆ ಗೊತ್ತು ಯಾಕೆ ಅಂತ. ನಮ್ಮ ಕಡೆಯ ಗಂಡಸರು ಗುಂಪು ಕಟ್ಟಿಕೊಂಡು ಅಲ್ಲಿಗೆ ಹೋಗಿ ಬಂದು ಆಡುವ ಮಾತುಗಳು ಎಲ್ಲರ ಕಿವಿಗೂ ಬಿದ್ದಿವೆ. ನನಗೆ ಇದು ಬಹಳ ನೋವಿನ ವಿಷಯ. ಐವತ್ತು ವಾರ್ಡುಗಳಷ್ಟು ಹರಡಿದ ಮಹಾನಗರವನ್ನು ನಾಲ್ಕು ಗಲ್ಲಿಗಳಿಂದ ಅಳೆಯುವುದು ಆ ಊರಿನ ಹೆಣ್ಣುಮಕ್ಕಳಿಗೆ ಮಾಡುವ ಅವಮಾನ. ಅಲ್ಲಿ ನಸುಕಿನಲ್ಲಿ ಎದ್ದು ಬಂಡಿ ಹೂಡುವ, ದೋಣಿಯಲ್ಲಿ ಟಿಕೆಟ್ ಹರಿಯುವ, ಆಸ್ಪತ್ರೆಗೆ ಓಡುವ ಲಕ್ಷಾಂತರ ಹೆಂಗಸರಿದ್ದಾರೆ. ನಾನು ಕಂಡದ್ದು ಅವರನ್ನು.

ಎಂಬತ್ತೆರಡು ವರ್ಷದ ನಮ್ಮವ್ವ ಮಾತ್ರ ಬೇರೆ ಪ್ರಶ್ನೆ ಕೇಳಿದಳು. ವಿಮಾನದ ಬಗ್ಗೆ ಅಲ್ಲ, ಕಳ್ಳಕಾಕರ ಬಗ್ಗೆ ಅಲ್ಲ. "ಒಬ್ಬಾಕಿನೇ ಹೋಗ್ತಿ ಖರೆ. ಅಲ್ಲಿ ಯಾರ ಕೂಡ ಉಣ್ತಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ವಾಡಿ, ತಾಂಡೂರು ದಾಟಿ ರೈಲಿನಲ್ಲಿ ಹೈದರಾಬಾದಿಗೆ ಹೋದೆ. ಅಲ್ಲಿಂದ ವಿಮಾನ. ನಮಗೆ ಇಲ್ಲಿಂದ ಬೆಂಗಳೂರಿಗೆ ಒಂದು ರಾತ್ರಿ ಬೇಕು. ಹೈದರಾಬಾದಿನಿಂದ ಬ್ಯಾಂಕಾಕಿಗೆ ಸುಮಾರು ಮೂರೂವರೆ ತಾಸು. ವೀಸಾ ಬೇಕಾಗಲಿಲ್ಲ. 2024ರ ನವೆಂಬರ್ ಅದು.

ಬಿಸಿಲು ನಮಗೆ ಹೊಸದಲ್ಲ. ಮೇ ತಿಂಗಳಲ್ಲಿ 43 ಡಿಗ್ರಿಯಲ್ಲಿ ಕಾಪಿ ತಿದ್ದಿದವರು ನಾವು. ಅಲ್ಲಿ ಬರೀ 32 ಡಿಗ್ರಿ ಅಂತ ಕೇಳಿ ಸಮಾಧಾನವಾಗಿತ್ತು. ನಿಲ್ದಾಣದ ಬಾಗಿಲು ದಾಟಿದ ಕೂಡಲೇ ಅಂದಾಜು ತಪ್ಪಿತು. ನಮ್ಮದು ಒಣ ಬಿಸಿಲು. ನೆರಳಿಗೆ ಬಂದರೆ ಜೀವ ಬರುತ್ತದೆ. ಅಲ್ಲಿಯದು ಹಸಿ ಸೆಖೆ. ನೆರಳಿಗೂ ಬರುತ್ತದೆ, ರಾತ್ರಿಗೂ ಬರುತ್ತದೆ. ಮೊದಲ ದಿನ ಒಂದು ಕುರ್ತಾ ಒಗೆದು ಕಿಟಕಿಗೆ ಹಾಕಿದೆ. ನಮ್ಮ ಮಾಳಿಗೆ ಮೇಲಾದರೆ ಅರ್ಧ ತಾಸಿಗೆ ಹಪ್ಪಳದ ಹಾಗೆ ಒಣಗುತ್ತಿತ್ತು. ಅದು ಮರುದಿನ ಬೆಳಿಗ್ಗೆಯೂ ಒದ್ದೆಯಾಗಿತ್ತು. ಒದ್ದೆ ಕುರ್ತಾ ಕೈಯಲ್ಲಿ ಹಿಡಿದು, ಈಗ ಬೇರೆ ಸೀಮೆಗೆ ಬಂದೆ ಅಂದುಕೊಂಡೆ.

ಆದರೆ ಬೋರ್ಡು ಓದುತ್ತಾ ಹೋದ ಹಾಗೆ ಬೇರೆ ಸೀಮೆ ಅನ್ನಿಸುವುದು ಕಡಿಮೆಯಾಯಿತು. ಒಂದು ಮೆಟ್ರೋ ಸ್ಟೇಷನ್ನಿನ ಹೆಸರು ಅಸೋಕ್. ಊರಿನ ನಡುವಿನ ದೊಡ್ಡ ಪಾರ್ಕಿನ ಹೆಸರು ಲುಂಫಿನಿ, ಅಂದರೆ ಲುಂಬಿನಿ. ಹೊಳೆ ದಂಡೆಯ ಒಂದು ಬೀದಿ ಫ್ರ ಆಥಿತ್, ಅಂದರೆ ಆದಿತ್ಯ. ಥಾಯ್ ಜನ ತಮ್ಮ ಊರನ್ನು ಬ್ಯಾಂಕಾಕ್ ಅನ್ನುವುದಿಲ್ಲ. ಕ್ರುಂಗ್ ಥೇಪ್ ಅನ್ನುತ್ತಾರೆ, ದೇವರ ಊರು ಅಂತ ಅರ್ಥ. 1782ರಲ್ಲಿ ಮೊದಲನೇ ರಾಮ ಅನ್ನುವ ರಾಜ ಅದನ್ನು ರಾಜಧಾನಿ ಮಾಡಿದ. ಅದರ ಪೂರ್ತಿ ಹೆಸರು ಒಂದು ಶ್ಲೋಕದಷ್ಟು ಉದ್ದ. ಅದರೊಳಗೆ ಮಹಾನಗರ ಇದೆ, ರತ್ನ ಇದೆ, ಅಯೋಧ್ಯೆ ಇದೆ, ನವರತ್ನ ರಾಜಧಾನಿ ಇದೆ, ಕೊನೆಗೆ ಇಂದ್ರ ಹೇಳಿ ವಿಶ್ವಕರ್ಮ ಕಟ್ಟಿದ ಊರು ಅಂತ ಇದೆ. ಎಲ್ಲವೂ ಅವರ ನಾಲಿಗೆಯಲ್ಲಿ ಉಜ್ಜಿ ಉಜ್ಜಿ ನುಣ್ಣಗಾಗಿವೆ. ನಗರ ಹೋಗಿ ನಖೋನ್ ಆಗಿದೆ. ಸ್ವಸ್ತಿ ಹೋಗಿ ಸವಾತ್‌ದೀ ಆಗಿದೆ, ಅದೇ ಅವರ ನಮಸ್ಕಾರ. ಗುರು ಹೋಗಿ ಖ್ರೂ ಆಗಿದೆ.

ಆ ಖ್ರೂ ಅನ್ನುವ ಒಂದು ಶಬ್ದ ನನಗೆ ಎಷ್ಟು ಬಾಗಿಲು ತೆಗೆಯಿತು ಅಂತೀರಿ! ಏನು ಕೆಲಸ ಅಂತ ಕೇಳಿದವರಿಗೆ ನಾನು ಖ್ರೂ ಅಂದರೆ ಸಾಕು. ಕೈ ಜೋಡಿಸುತ್ತಿದ್ದರು. ಇಲ್ಲಿ ಅಕ್ಕೋರೆ, ಅಲ್ಲಿ ಖ್ರೂ.

ಇನ್ನೊಂದು ವಿಷಯ ಕೇಳಿದರೆ ನಿಮಗೂ ಖುಷಿಯಾಗುತ್ತದೆ. ಥಾಯ್ ಭಾಷೆಯಲ್ಲಿ ಮಾತಿನ ಕೊನೆಗೆ ಮರ್ಯಾದೆಗೆ ಒಂದು ಬಾಲ ಹಚ್ಚುತ್ತಾರೆ. ಹೆಂಗಸರು ಮಾತಾಡಿದರೆ "ಖಾ", ಗಂಡಸರು ಮಾತಾಡಿದರೆ "ಖ್ರಪ್". ಎಷ್ಟು ರೊಕ್ಕ ಖಾ, ಬೇಡ ಖಾ, ಹೌದು ಖಾ. ಇದು ನಮ್ಮ "ರಿ" ಅಲ್ವಾ? ಎಷ್ಟ್ರಿ, ಬ್ಯಾಡ್ರಿ, ಹೌದ್ರಿ. ಬೆಂಗಳೂರಿನವರು ನಮ್ಮ ಈ "ರಿ" ಕೇಳಿ ನಗುತ್ತಾರೆ. ಬ್ಯಾಂಕಾಕಿನಲ್ಲಿ ನನಗೆ ಅದೇ ಆಧಾರವಾಯಿತು. ರಿ ಬರುವ ಕಡೆಯೆಲ್ಲ ಖಾ ಹಾಕುತ್ತಾ ಹೋದೆ. ಒಂದೂ ತಪ್ಪಲಿಲ್ಲ. ಸಂಬಂಧದ ಹೆಸರುಗಳೂ ಹಾಗೇ. ತಮಗಿಂತ ದೊಡ್ಡವರಿಗೆ ಪೀ, ಅಂದರೆ ಅಕ್ಕ, ಅಣ್ಣ. ಚಿಕ್ಕವರಿಗೆ ನೊಂಗ್. ನನ್ನ ವಯಸ್ಸಿನವರಿಗೆ ಪಾ, ಅಂದರೆ ದೊಡ್ಡಮ್ಮ. ಆಟೋದವನನ್ನು ನಾವು ಕಾಕಾ ಅನ್ನುವ ಹಾಗೆ ಅವರು ಲುಂಗ್ ಅನ್ನುತ್ತಾರೆ. ಗುರುತಿಲ್ಲದ ಊರಿನಲ್ಲಿ ಮೂರು ದಿನದಲ್ಲಿ ನಾನು ಎಷ್ಟು ಜನರಿಗೆ ದೊಡ್ಡಮ್ಮ ಆದೆನೋ ಲೆಕ್ಕ ಇಲ್ಲ.

ಈಗ ಆ ಫುಟ್‌ಪಾತಿಗೆ ಬರುತ್ತೇನೆ.

ನಾನಿದ್ದ ಸಣ್ಣ ಹೋಟೆಲಿನ ಗಲ್ಲಿ ಬಾಯಿಯಲ್ಲಿ ಒಬ್ಬ ಹೆಂಗಸು ಸಂಜೆ ಬಂಡಿ ಹಚ್ಚುತ್ತಿದ್ದಳು. ವಯಸ್ಸು ಐವತ್ತರ ಹತ್ತಿರ. ಗಾಜಿನ ಪೆಟ್ಟಿಗೆಯಲ್ಲಿ ಹಸಿ ಪಪ್ಪಾಯಿ, ಟೊಮ್ಯಾಟೊ, ಉದ್ದ ಅಲಸಂದಿ ಕಾಯಿ, ನಿಂಬೆಹಣ್ಣು. ಪಕ್ಕದಲ್ಲಿ ಮಣ್ಣಿನ ಒರಳು, ಕಟ್ಟಿಗೆಯ ಒನಕೆ. ಫುಟ್‌ಪಾತಿನ ಮೇಲೆ ನಾಲ್ಕು ಮಡಚುವ ಟೇಬಲ್, ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲು. ನಾನು ಹೋಗಿ ನಿಂತೆ. ಅಭ್ಯಾಸ ಬಲ, ಕೈ ಆಗಲೇ ಚೀಲ ಬಿಚ್ಚುತ್ತಿತ್ತು. ಆಕೆ ಕೇಳಿದಳು, "ಥಾನ್ ನೀ, ಕ್ಲಾಪ್ ಬಾನ್ ಖಾ?"

ಪಕ್ಕದಲ್ಲಿ ತಿನ್ನುತ್ತಿದ್ದ ಹುಡುಗಿ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು. ಥಾನ್ ನೀ ಅಂದರೆ ಇಲ್ಲೇ ತಿನ್ನುವುದು. ಕ್ಲಾಪ್ ಬಾನ್ ಅಂದರೆ ಮನೆಗೆ ಒಯ್ಯುವುದು. ಇಲ್ಲೇ ತಿಂತೀರೋ, ಪಾರ್ಸಲ್ಲೋ?

ನಾನು ಸ್ವಲ್ಪ ಹೊತ್ತು ಸುಮ್ನೆ ನಿಂತೆ. ಎರಡೂ ಆಗಬಹುದು ಅನ್ನುವ ಹಾಗೆ ಆಕೆ ಕೇಳಿದ್ದಳು. ನನ್ನ ಅರವತ್ತು ವರ್ಷದಲ್ಲಿ ಬೀದಿಯಲ್ಲಿ ಯಾರೂ ನನಗೆ ಈ ಪ್ರಶ್ನೆಯನ್ನು ಪೂರ್ತಿಯಾಗಿ ಕೇಳಿರಲಿಲ್ಲ. ಅರ್ಧ ಮಾತ್ರ ಕೇಳಿದ್ದರು. ಸುತ್ತ ನೋಡಿದೆ. ಒಂದು ಟೇಬಲ್ಲಿನಲ್ಲಿ ಆಸ್ಪತ್ರೆಯ ಸಮವಸ್ತ್ರದ ಹುಡುಗಿ, ಒಬ್ಬಳೇ. ಇನ್ನೊಂದರಲ್ಲಿ ನನಗಿಂತ ದೊಡ್ಡಾಕೆ, ಒಬ್ಬಳೇ, ಚೀಲವನ್ನು ಕಾಲ ಹತ್ತಿರ ಇಟ್ಟು ನಿಧಾನಕ್ಕೆ ಉಣ್ಣುತ್ತಿದ್ದಳು. ಅವರನ್ನು ಯಾರೂ ನೋಡುತ್ತಿರಲಿಲ್ಲ. ಅವರೂ ಯಾರನ್ನೂ ನೋಡುತ್ತಿರಲಿಲ್ಲ.

"ಥಾನ್ ನೀ ಖಾ," ಅಂದೆ.

ನಾನು ಮಾಂಸ, ಮೀನು ತಿನ್ನುವವಳಲ್ಲ. ಅದಕ್ಕೆ ಬೇಕಾದ ಶಬ್ದ ಕಲಿತುಕೊಂಡು ಹೋಗಿದ್ದೆ. ಮಂಗ್ಸವಿರತ್. ಮೊದಲ ಸಲ ಬಾಯಲ್ಲಿ ಹೊರಳಿಸಿದಾಗಲೇ ಗುರುತು ಸಿಕ್ಕಿತ್ತು. ಮಾಂಸ ವಿರತಿ! ನಮ್ಮ ವಿರಕ್ತ ಮಠಗಳ ವಿರಕ್ತಿಯನ್ನು ನೆನಪಿಸುವ ಶಬ್ದ. ಆ ಮಾತು ಕೇಳಿದ ಕೂಡಲೇ ಆಕೆ ತನ್ನ ಒರಳನ್ನು ನೋಡಿದಳು. ಅದರಲ್ಲಿ ಇಡೀ ಸಂಜೆ ಮೀನಿನ ರಸ, ಒಣ ಸೀಗಡಿ ಹಾಕಿ ಕುಟ್ಟಿದ್ದಾಳೆ. ನಾನು ಏನೂ ಹೇಳಲಿಲ್ಲ. ಆಕೆಯೇ ಬಂಡಿಯ ಕೆಳಗಿನಿಂದ ಇನ್ನೊಂದು ಸಣ್ಣ ಒರಳು ತೆಗೆದು, ನೀರು ಹಾಕಿ ಎರಡು ಸಲ ತೊಳೆದು, ನನಗೆ ಎತ್ತಿ ತೋರಿಸಿದಳು. ಸರಿನಾ ಅನ್ನುವ ಹಾಗೆ.

ಆಮೇಲೆ ಬೆಳ್ಳುಳ್ಳಿ, ಹಸಿ ಮೆಣಸಿನಕಾಯಿ. ಒನಕೆಯಿಂದ ಕುಟ್ಟಿದಳು. ತಾಳೆ ಬೆಲ್ಲ ಒಂದು ಚಮಚ. ನಿಂಬೆ ಹಿಂಡಿ ಸಿಪ್ಪೆಯನ್ನೂ ಒಳಗೆ ಹಾಕಿದಳು. ಎಳೆ ಎಳೆಯಾಗಿ ಹೆರೆದ ಪಪ್ಪಾಯಿ ಹಾಕಿ, ಒಂದು ಕೈಯಲ್ಲಿ ಕುಟ್ಟುತ್ತಾ ಇನ್ನೊಂದು ಕೈಯಲ್ಲಿ ಚಮಚದಿಂದ ಕೆಳಗಿನದನ್ನು ಮೇಲೆ ತರುತ್ತಿದ್ದಳು. ಟಪ್, ಸರಕ್, ಟಪ್, ಸರಕ್. ಕೊನೆಗೆ ಹುರಿದ ಶೇಂಗಾ ಒಂದು ಮುಷ್ಟಿ. ಅದೇ ಸೋಮ್ ತಾಮ್. ಎರಡು ಮೆಣಸಿನಕಾಯಿ ಹಾಕಲು ಹೊರಟಿದ್ದಳು. ನಾನು ಐದು ಬೆರಳು ತೋರಿಸಿದೆ. ಹೌಹಾರಿ ನನ್ನ ಮುಖ ನೋಡಿದಳು. ತಿಂದು ಮುಗಿಸುವವರೆಗೂ ಕಣ್ಣು ಇಟ್ಟಿದ್ದಳು. ಶೇಂಗಾ, ಖಾರ, ಬೆಲ್ಲ, ಹುಳಿ. ರೊಟ್ಟಿ ಒಂದು ಇದ್ದಿದ್ದರೆ ನಮ್ಮ ಮನೆಯೇ ಆಗಿಬಿಡುತ್ತಿತ್ತು.

ಮೂರನೇ ದಿನದಿಂದ ನನಗಾಗಿ ಆ ಸಣ್ಣ ಒರಳು ಮೇಲೆಯೇ ಇರುತ್ತಿತ್ತು. ಗಿರಾಕಿ ಇಲ್ಲದ ಹೊತ್ತಿನಲ್ಲಿ ಮಾತಾಡಿದೆವು. ಫೋನಿನಲ್ಲಿ ನಾನು ಕನ್ನಡ ಹೇಳಿದರೆ ಅದು ಥಾಯ್ ಹೇಳುತ್ತಿತ್ತು. ಆಕೆ ಇಸಾನ್ ಕಡೆಯವಳು. ಇಸಾನ್ ಅಂದರೆ ಥಾಯ್ಲೆಂಡಿನ ಈಶಾನ್ಯ ಭಾಗ. ಹೆಸರೂ ನಮ್ಮ ಈಶಾನ್ಯವೇ. ಮಳೆ ನಂಬಿದ ಒಣ ಭೂಮಿ. ಬೆಳೆ ಕೈಕೊಟ್ಟರೆ ಊರಿಗೆ ಊರೇ ಬ್ಯಾಂಕಾಕಿಗೆ ಬರುತ್ತದೆ. ಟ್ಯಾಕ್ಸಿ ಓಡಿಸುವವರು, ಕಟ್ಟಡ ಕಟ್ಟುವವರು, ಬಂಡಿ ಹಚ್ಚುವವರು ಎಷ್ಟೋ ಜನ ಇಸಾನಿನವರು. ಅವರ ಮಾತಿನ ಧಾಟಿ ಬೇರೆ, ಅದನ್ನು ಕೇಳಿ ಪಟ್ಟಣದವರು ನಗುತ್ತಾರಂತೆ. ಆಕೆಯ ಮಕ್ಕಳು ಊರಲ್ಲಿ ಅಜ್ಜಿಯ ಹತ್ತಿರ ಬೆಳೆದರು.

ನನಗೆ ಗಂಟಲು ಕಟ್ಟಿತು. ಇದು ನಮ್ಮದೇ ಕಥೆ. ನಮ್ಮ ಬಸ್ಸುಗಳ ಮೇಲೆ ಮೊನ್ನೆ ಮೊನ್ನೆಯವರೆಗೂ ಈಶಾನ್ಯ ಕರ್ನಾಟಕ ಅಂತ ಬರೆದಿತ್ತು. ಆ ಬಸ್ಸುಗಳಲ್ಲೇ ಯಾದಗಿರಿ, ಸುರಪುರ, ಜೇವರ್ಗಿ ಕಡೆಯಿಂದ ಜನ ಗುಳೆ ಹೋಗುತ್ತಾರೆ, ಬೆಂಗಳೂರಿಗೆ, ಪುಣೆಗೆ, ಹೈದರಾಬಾದಿಗೆ. ನನ್ನ ಕ್ಲಾಸಿನ ಹಾಜರಿ ಪುಸ್ತಕದಲ್ಲಿ ಪ್ರತಿ ವರ್ಷ ದೀಪಾವಳಿ ಆದ ಮೇಲೆ ಕೆಲವು ಹೆಸರುಗಳ ಮುಂದೆ ಗೈರು ಹಾಜರಿಯ ಗೆರೆ ಉದ್ದ ಆಗುತ್ತಾ ಹೋಗುತ್ತಿತ್ತು. ಸೋಮ್ ತಾಮ್ ಆ ಒಣ ಸೀಮೆಯಿಂದ ಬಂದ ತಿನಿಸು. ಇವತ್ತು ಬ್ಯಾಂಕಾಕಿನಲ್ಲಿ ಅದಿಲ್ಲದ ಗಲ್ಲಿ ಇಲ್ಲ. ಬೆಂಗಳೂರಿನ ಗಲ್ಲಿಗಳಲ್ಲಿ ಜೋಳದ ರೊಟ್ಟಿ ಖಾನಾವಳಿ ಬಂದ ಹಾಗೆ. ಬ್ಯಾಂಕಾಕ್ ಗಿಜಿಗುಡುತ್ತದೆ, ನಿದ್ದೆಯೇ ಮಾಡುವುದಿಲ್ಲ ಅಂತ ಎಲ್ಲರೂ ಬೆರಗಾಗುತ್ತಾರೆ. ಎಚ್ಚರ ಇದ್ದವರು ಯಾರು ಅಂತ ನೋಡಿದರೆ ಊರು ಬಿಟ್ಟು ಬಂದವರು.

ನೋಡುವ ಜಾಗಗಳ ಬಗ್ಗೆ ಹೇಳದಿದ್ದರೆ ನೀವು ಬಿಡುವುದಿಲ್ಲ. ವಾಟ್ ಫೋ ಗುಡಿಯಲ್ಲಿ ಮಲಗಿದ ಬುದ್ಧ 46 ಮೀಟರ್ ಉದ್ದ. ಪಾದಗಳ ಮೇಲೆ ಮುತ್ತಿನ ಚಿಪ್ಪಿನಿಂದ 108 ಮಂಗಳ ಚಿಹ್ನೆ ಕೂಡಿಸಿದ್ದಾರೆ. ಬೆನ್ನ ಹಿಂದೆ ಗೋಡೆಯುದ್ದಕ್ಕೂ 108 ಕಂಚಿನ ಬಟ್ಟಲು. ಜನ ಒಂದೊಂದಕ್ಕೂ ಚಿಲ್ಲರೆ ಕಾಸು ಹಾಕುತ್ತಾ ನಡೆಯುತ್ತಾರೆ. ಆ ಟಿಣ್ ಟಿಣ್ ಸದ್ದು ಒಂದು ಕ್ಷಣವೂ ನಿಲ್ಲುವುದಿಲ್ಲ. ಅರಮನೆಯ ಗೋಡೆಗಳ ಮೇಲೆ ಅವರ ರಾಮಾಯಣದ ಚಿತ್ರಗಳಿವೆ, ಒಂದು ಇಡೀ ದಿನ ಬೇಕು. ಪೇಟೆ ನಡುವೆ ನಾಲ್ಕು ಮುಖದ ಬ್ರಹ್ಮನ ಗುಡಿ ಇದೆ. ನಮ್ಮಲ್ಲಿ ಬ್ರಹ್ಮನಿಗೆ ಗುಡಿ ಸಿಗುವುದೇ ಅಪರೂಪ, ಅಲ್ಲಿ ಅವನ ಮುಂದೆ ಕಾಲಿಡಲು ಜಾಗ ಇಲ್ಲ.

ನಾನು ಹೆಚ್ಚು ಹೊತ್ತು ಕೂತದ್ದು ವಾಟ್ ತ್ರೈಮಿತ್‌ನಲ್ಲಿ. ಅಲ್ಲಿರುವುದು ಚಿನ್ನದ ಬುದ್ಧ, ಸುಮಾರು ಐದೂವರೆ ಟನ್. ಬಹಳ ಕಾಲ ಅದು ಚಿನ್ನ ಅಂತಲೇ ಯಾರಿಗೂ ಗೊತ್ತಿರಲಿಲ್ಲ. ಶತ್ರುಗಳ ಕಣ್ಣಿಗೆ ಬೀಳದಿರಲಿ ಅಂತ ಯಾವುದೋ ಕಾಲದಲ್ಲಿ ಮೈತುಂಬ ಗಾರೆ ಮೆತ್ತಿದ್ದರಂತೆ. 1955ರಲ್ಲಿ ಹೊಸ ಜಾಗಕ್ಕೆ ಎತ್ತಿ ಇಡುವಾಗ ಮೂರ್ತಿ ಕೆಳಗೆ ಬಿತ್ತು. ಗಾರೆ ಒಡೆಯಿತು. ಒಳಗಿನಿಂದ ಚಿನ್ನ ಕಂಡಿತು. ಉದುರಿದ ಗಾರೆಯ ತುಂಡುಗಳನ್ನೂ ಅವರು ಎಸೆದಿಲ್ಲ, ಜೋಪಾನವಾಗಿ ತೋರಿಸಲು ಇಟ್ಟಿದ್ದಾರೆ. ನಾನು ಅದರ ಮುಂದೆ ನಿಂತು ಸನ್ನತಿಯ ಕುಸಿದ ಮಾಳಿಗೆಯನ್ನು ನೆನೆದೆ. ಅಲ್ಲಿಯೂ ಬಿದ್ದ ಮೇಲೆಯೇ ಕಂಡದ್ದು. ಒಂದು ವ್ಯತ್ಯಾಸ ನನ್ನನ್ನು ಚುಚ್ಚಿತು. ಅಲ್ಲಿ ಶಾಲೆಯ ಮಕ್ಕಳು ಸಾಲಾಗಿ ಬಂದು ಆ ಗಾರೆ ತುಂಡು ನೋಡುತ್ತಿದ್ದರು. ನಮ್ಮ ಕಲಬುರಗಿಯ ಎಷ್ಟು ಮಕ್ಕಳು ಕನಗನಹಳ್ಳಿಗೆ ಹೋಗಿ ಅಶೋಕನ ಮುಖ ನೋಡಿದ್ದಾರೆ? ಇಲ್ಲಿ ಕೂತ ಮೇಷ್ಟ್ರುಗಳನ್ನು ಕೈ ಮುಗಿದು ಕೇಳುತ್ತೇನೆ. ಮುಂದಿನ ಪ್ರವಾಸಕ್ಕೆ ಮೈಸೂರಿಗೆ ಹೋಗುವ ಮುಂಚೆ ಒಂದು ದಿನ ಸನ್ನತಿಗೆ ಹೋಗಿ ಬನ್ನಿ.

ಒಂದು ಮೋಸದ ಪ್ರಸಂಗವನ್ನೂ ಹೇಳಬೇಕು, ಹೋಗುವವರಿಗೆ ಉಪಯೋಗ ಆಗುತ್ತದೆ. ಅರಮನೆಯ ಹತ್ತಿರ ಇಸ್ತ್ರಿ ಅಂಗಿ ಹಾಕಿದ ಒಬ್ಬ ಮನುಷ್ಯ ಬಂದು, ಇವತ್ತು ಮಧ್ಯಾಹ್ನದವರೆಗೆ ಬಂದ್ ಇದೆ, ಅಲ್ಲಿವರೆಗೆ ಬೇರೆ ಗುಡಿ ನೋಡಿ ಬನ್ನಿ ಅಂತ ಒಂದು ತುಕ್‌ತುಕ್ ಹತ್ತಿಸಿದ. ಬಾಡಿಗೆ ಬರೀ 20 ಬಾತ್, ನಮ್ಮ ಐವತ್ತು ರೂಪಾಯಿ. ಗಾಡಿ ಗುಡಿಗೆ ಹೋಗುವ ಬದಲು ಹರಳಿನ ಅಂಗಡಿ ಮುಂದೆ ನಿಂತಿತು. ಒಳಗೆ ಕೂಡಿಸಿ ತಂಪು ಪಾನೀಯ ಕೊಟ್ಟು ಉಂಗುರ ತೋರಿಸತೊಡಗಿದರು. ನನಗೆ ಅಂಗೈ ಬೆವತಿತು. ಒಬ್ಬಳೇ ಇರುವುದರ ಭಾರ ಗೊತ್ತಾದದ್ದು ಆಗ. ಎದ್ದು ನಿಂತು, ಬೇಡ ಖಾ, ಬೇಡ ಖಾ ಅನ್ನುತ್ತಾ ಬಾಗಿಲಿಗೆ ಬಂದೆ. ಯಾರೂ ತಡೆಯಲಿಲ್ಲ. ರಸ್ತೆ ದಾಟಿ ಒಂದು ಎಳನೀರಿನ ಬಂಡಿ ಹತ್ತಿರ ನಿಂತೆ. ಆ ಮುದುಕಿ ನನ್ನ ಮುಖ ನೋಡಿ ಸ್ಟೂಲ್ ಮುಂದೆ ತಳ್ಳಿದಳು. ಅರಮನೆ ಆವತ್ತು ಬೆಳಿಗ್ಗೆಯಿಂದ ತೆರೆದೇ ಇತ್ತು. ಬೀದಿಯಲ್ಲಿ ಯಾರು ಬಂದ್ ಅಂದರೂ ನಂಬಬೇಡಿ, ಬಾಗಿಲವರೆಗೆ ನೀವೇ ಹೋಗಿ ನೋಡಿ.

ಊರಲ್ಲಿ ಕೊರತೆ ಇಲ್ಲ ಅಂತ ಅಲ್ಲ. ತಲೆ ಮೇಲೆ ವೈರುಗಳು ಹಾವಿನ ಹೆಡಿಗೆಯ ಹಾಗೆ ಜೋತಿವೆ. ಸೇನ್ ಸೇಪ್ ಕಾಲುವೆಯ ದೋಣಿಯಲ್ಲಿ ಕೂತರೆ ನೀರಿನ ವಾಸನೆಗೆ ಸೆರಗು ಮೂಗಿಗೆ ಬರುತ್ತದೆ. ನೀರು ಸಿಡಿಯದಿರಲಿ ಅಂತ ಅಂಚಿನಲ್ಲಿ ಕೂತವರು ಹಗ್ಗ ಎಳೆದು ಪ್ಲಾಸ್ಟಿಕ್ ಪರದೆ ಏರಿಸುತ್ತಾರೆ. ಸಮುದ್ರಕ್ಕಿಂತ ಒಂದೆರಡು ಮೀಟರ್ ಮಾತ್ರ ಎತ್ತರದ ಊರು, ಅದೂ ವರ್ಷದಿಂದ ವರ್ಷಕ್ಕೆ ಕುಸಿಯುತ್ತಿದೆ. 2011ರ ನೆರೆಯ ಕಥೆಯನ್ನು ಈಗಲೂ ಹೇಳುತ್ತಾರೆ.

ಆದರೂ ಸಂಜೆ ಲುಂಫಿನಿ ಪಾರ್ಕಿಗೆ ಹೋಗಿ ನೋಡಬೇಕು. 140 ಎಕರೆಗಿಂತ ಜಾಸ್ತಿ ಇದೆ. ಕೆರೆಯಿಂದ ಮೊಸಳೆಮರಿಯಷ್ಟು ದೊಡ್ಡ ಉಡ ಎದ್ದು ಬಂದು ದಾರಿ ದಾಟುತ್ತದೆ, ಯಾರೂ ಕಲ್ಲು ಹೊಡೆಯುವುದಿಲ್ಲ. ಆರು ಗಂಟೆಗೆ ರಾಷ್ಟ್ರಗೀತೆ ಬಂತು. ಓಡುತ್ತಿದ್ದವರು ಓಡುತ್ತಿದ್ದ ಕಡೆಯೇ ನಿಂತರು. ಅದು ಮುಗಿದ ಮೇಲೆ ಬಯಲಿನಲ್ಲಿ ಹಾಡು ಹಚ್ಚಿ ವ್ಯಾಯಾಮ ಶುರುವಾಯಿತು. ಟಿಕೆಟ್ ಇಲ್ಲ, ಹೆಸರು ಬರೆಸುವುದಿಲ್ಲ. ನನ್ನ ವಯಸ್ಸಿನ ಹೆಂಗಸರೇ ಬಹಳ. ನಾನು ಹಿಂದಿನ ಸಾಲಿನಲ್ಲಿ ಕುರ್ತಾ ಹಾಕಿಕೊಂಡೇ ಕೈಕಾಲು ಆಡಿಸಿದೆ. ಮುಂದಿದ್ದವಳು ಹಿಂದೆ ತಿರುಗಿ ನಕ್ಕು, ಎಡಗಾಲು ಮೊದಲು ಅಂತ ತೋರಿಸಿದಳು. ನಮ್ಮ ಪಬ್ಲಿಕ್ ಗಾರ್ಡನ್ನಿನಲ್ಲಿ, ಅಪ್ಪನ ಕೆರೆಯ ದಂಡೆಯಲ್ಲಿ ಇಷ್ಟು ಮಾಡಲು ನಮಗೆ ಎಷ್ಟು ರೊಕ್ಕ ಬೇಕು? ಒಂದು ಸ್ಪೀಕರ್ ಬೇಕು. ಬರುವ ಹೆಂಗಸರು ಬೇಕು.

ಕಾರ್ತಿಕ ಹುಣ್ಣಿಮೆ ಆ ವರ್ಷ ನವೆಂಬರ್ 15ಕ್ಕೆ ಇತ್ತು. ಅದೇ ಹುಣ್ಣಿಮೆ ಅಲ್ಲಿ ಲೋಯ್ ಕ್ರಥೊಂಗ್. ನಮ್ಮ ಗುಡಿಗಳಲ್ಲಿ ಕಾರ್ತಿಕದ ದೀಪ ಹಚ್ಚುವ ಹೊತ್ತಿಗೆ ಅವರು ದೀಪವನ್ನು ನೀರಿಗೆ ಬಿಡುತ್ತಾರೆ. ಮಧ್ಯಾಹ್ನ ಪಾಕ್ ಖ್ಲೊಂಗ್ ಹೂವಿನ ಮಾರುಕಟ್ಟೆಗೆ ಹೋದೆ. ಚೆಂಡು ಹೂವಿನ ಗುಡ್ಡೆಗಳು. ಒಂದು ಅಂಗಡಿಯಲ್ಲಿ ತಾಯಿ ಮಗಳು ಕೂತು ಕ್ರಥೊಂಗ್ ಕಟ್ಟುತ್ತಿದ್ದರು. ಬಾಳೆ ದಿಂಡನ್ನು ರೊಟ್ಟಿಯಗಲ ಬಿಲ್ಲೆ ಕತ್ತರಿಸುತ್ತಾರೆ. ಬಾಳೆ ಎಲೆಯನ್ನು ತ್ರಿಕೋನ ಮಡಚಿ, ಮತ್ತೆ ಮಡಚಿ, ಸುತ್ತಲೂ ಎಸಳಿನ ಹಾಗೆ ಗುಂಡುಸೂಜಿ ಚುಚ್ಚುತ್ತಾರೆ. ನಡುವೆ ಹೂವು, ಮೂರು ಊದಿನಕಡ್ಡಿ, ಒಂದು ಮೇಣದಬತ್ತಿ. ನಾನು ನೋಡುತ್ತಾ ನಿಂತದ್ದಕ್ಕೆ ತಾಯಿ ಒಂದು ಎಲೆ ಕೊಟ್ಟು ಪಕ್ಕಕ್ಕೆ ಕೂಡಿಸಿಕೊಂಡಳು. ನನ್ನ ಮೂರು ಮಡಿಕೆ ಬಿಚ್ಚಿಹೋದವು. ನಾಲ್ಕನೆಯದು ನಿಂತಿತು. ಎಲೆಯನ್ನು ನಾರಿನ ಗುಂಟ ಮಡಚಬೇಕು, ಅಡ್ಡ ಮಡಚಿದರೆ ಸೀಳುತ್ತದೆ. ಆಕೆ ಅದನ್ನು ಮಾತಿಲ್ಲದೆ, ನನ್ನ ಬೆರಳು ಹಿಡಿದು ಕಲಿಸಿದಳು.

ರಾತ್ರಿ ಫ್ರ ಆಥಿತ್ ಬೀದಿಯ ಪಕ್ಕದ ಹೊಳೆ ದಂಡೆಗೆ ಹೋದೆ. ಜನಸಾಗರ. ಚಾವ್ ಫ್ರಯಾ ನದಿ ಅದು. ಥಾಯ್ ಭಾಷೆಯಲ್ಲಿ ನದಿಗೆ ಮೇ ನಾಮ್ ಅನ್ನುತ್ತಾರೆ, ಅಂದರೆ ನೀರವ್ವ. ಕ್ರಥೊಂಗ್ ಬಿಡುವುದು ಬೇಡಿಕೊಳ್ಳಲು ಮಾತ್ರ ಅಲ್ಲ. ವರ್ಷವಿಡೀ ನಿನ್ನನ್ನು ಬಳಸಿದೆವು, ಹೊಲಸು ಮಾಡಿದೆವು, ತಪ್ಪಾಯಿತು ಅಂತ ಗಂಗೆಗೆ ಹೇಳಲು. ಹೌದು, ಗಂಗೆಗೇ. ಫ್ರ ಮೇ ಖೊಂಗ್ಖಾ ಅನ್ನುತ್ತಾರೆ. ನಾನು ಭೀಮೆಯ ದಂಡೆಯಲ್ಲಿ ಬೆಳೆದವಳು. ಮರಳು ಬಗೆದು ಬಗೆದು ನಮ್ಮ ಭೀಮೆಯನ್ನು ಏನು ಮಾಡಿದ್ದೇವೆ ಅಂತ ನಿಮಗೆ ಗೊತ್ತು. ನಮ್ಮನೆಯವರ ಹೆಸರು ಹೇಳಿ ದೀಪ ಹಚ್ಚಿದೆ. ತಪ್ಪಾಯಿತು ಅನ್ನುವಾಗ ನನ್ನ ಬಾಯಿಗೆ ಬಂದದ್ದು ಭೀಮಾ ಅಂತಲೇ. ದೀಪ ಸ್ವಲ್ಪ ದೂರ ಹೋಗಿ ಉಳಿದ ದೀಪಗಳಲ್ಲಿ ಸೇರಿತು. ಅದೇ ರಾತ್ರಿ ನಗರಪಾಲಿಕೆಯವರು ದೋಣಿಯಲ್ಲಿ ಬಂದು ಬಲೆ ಹಾಕಿ ಕ್ರಥೊಂಗ್‌ಗಳನ್ನು ಬಾಚಿ ತೆಗೆಯುತ್ತಾರೆ. ಕ್ಷಮೆ ಕೇಳಿದ ಮೇಲೆ ಮತ್ತೆ ಹೊಲಸು ಉಳಿಯಬಾರದಲ್ಲ.

ವಾಪಸ್ ಹೋಗುವಾಗ ಸೋಮ್ ತಾಮ್ ಬಂಡಿ ಇನ್ನೂ ಇತ್ತು. ಆಕೆ ಅಂಗಡಿ ಕಟ್ಟುತ್ತಿದ್ದಳು. ನನ್ನನ್ನು ಕಂಡು ಒಂದು ಸ್ಟೂಲ್ ಮತ್ತೆ ಬಿಡಿಸಿದಳು. ತನಗೂ ಒಂದು. ತನ್ನ ಅಂಟು ಅನ್ನದ ಬುಟ್ಟಿ ತೆಗೆದು ನನ್ನ ಮುಂದೆ ಇಟ್ಟಳು. ಆ ಅನ್ನವನ್ನು ಕೈಯಲ್ಲೇ ಸಣ್ಣ ಉಂಡೆ ಮಾಡಿ ತಿನ್ನಬೇಕು. ಇಬ್ಬರೂ ಕೈಯಲ್ಲಿ ಉಂಡೆವು. ಆ ರಾತ್ರಿ ಅವ್ವನಿಗೆ ಫೋನ್ ಮಾಡಿ ಯಾರ ಕೂಡ ಉಂಡೆ ಅಂತ ಹೇಳಿದೆ. "ಆಕಿ ಹೆಸರೇನು?" ಅಂದಳು ಅವ್ವ. ಹೇಳಿದೆ. ಹೆಸರು ಬಾಯಿಗೆ ಬರಲಿಲ್ಲ. "ಇರ್ಲಿ, ಆಕಿನ್ನ ನಮ್ಮೂರಿಗಿ ಬಾ ಅಂತ ಹೇಳು," ಅಂದಳು.

ಮಾತು ಮುಗಿದ ಮೇಲೆ ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು ಕೇಳಿದಳು: "ಅಕ್ಕೋರೆ, ಬಂದ ಮ್ಯಾಲ ಆ ಭಜಿ ಬಂಡಿಗಿ ಹೋಗಿದ್ರೇನ್ರಿ?"

ಹೋಗಿದ್ದೆ. ಬಂದ ನಾಲ್ಕನೇ ದಿನ, ಸಂಜೆ. ಅವನು ಎಂದಿನಂತೆ ಪೇಪರ್ ಹರಿಯುತ್ತಾ, "ಪಾರ್ಸಲ್ ಏನ್ರಿ ಅಕ್ಕೋರೆ?" ಅಂದ. "ಇಲ್ಲಪ್ಪ, ಇಲ್ಲೇ ತಿಂತೀನಿ," ಅಂದೆ. ಅವನ ಕೈ ನಿಂತಿತು. ಸುತ್ತ ಇದ್ದ ಗಂಡಸರು ಒಮ್ಮೆ ನೋಡಿದರು, ಸ್ವಲ್ಪ ಸರಿದರು. ಬಂಡಿಯ ಹಿಂದೆ ಎಣ್ಣೆ ಡಬ್ಬಿ ಇಡುವ ಒಂದು ಸ್ಟೂಲ್ ಇತ್ತು. ಅವನು ಡಬ್ಬಿ ಕೆಳಗಿಟ್ಟು, ಹೆಗಲ ಮೇಲಿನ ಟವೆಲ್ಲಿನಿಂದ ಸ್ಟೂಲ್ ಒರೆಸಿ ಮುಂದೆ ಇಟ್ಟ. ಬಾಣಲೆಯಿಂದ ತೆಗೆದ ಎರಡು ಭಜಿ ಪ್ಲೇಟಿಗೆ ಹಾಕಿ, "ಬಿಸಿ ಅದ ರೀ, ಹಗೂರ," ಅಂದ.

ಈಗ ಶನಿವಾರ ಶನಿವಾರ ಹೋಗುತ್ತೇನೆ. ಹೋದ ವಾರ ನೋಡಿದರೆ ಆ ಸ್ಟೂಲಿನ ಮೇಲೆ ಕಾಲೇಜಿನ ಒಬ್ಬ ಹುಡುಗಿ ಕೂತಿದ್ದಳು. ನಾನು ನಿಂತೇ ತಿಂದೆ.